ಸತ್ತ ಕಾಡುಹಂದಿಯ ಸುದ್ದಿ ಯಾರಿಗೆ ಹೇಳಬೇಕು? ಎರಡು ಇಲಾಖೆಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮುಖ್ಯ ವನ್ಯಜೀವಿ ಪರಿಪಾಲಕರು, ಕರ್ನಾಟಕ ಅರಣ್ಯ ಇಲಾಖೆ
ಆಯುಕ್ತರು, ಪಶುಪಾಲನಾ ಮತ್ತು ಪಶುವೈದ್ಯ ಸೇವಾ ಇಲಾಖೆ
ಬೆಂಗಳೂರು

ಮಾನ್ಯರೇ,

ಇಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿದ್ದೇನೆ, ಬೇಕೆಂದೇ. ಬೇರೆ ಬೇರೆ ಬರೆದರೆ ಅರಣ್ಯ ಇಲಾಖೆಯವರು "ಇದು ರೋಗದ ವಿಷಯ, ಪಶು ಆಸ್ಪತ್ರೆಗೆ ಹೇಳಿ" ಅನ್ನುತ್ತಾರೆ. ಪಶು ಆಸ್ಪತ್ರೆಯವರು "ಅದು ಕಾಡುಪ್ರಾಣಿ, ನಾವು ಮುಟ್ಟುವ ಹಾಗಿಲ್ಲ, ಫಾರೆಸ್ಟಿನವರನ್ನು ಕೇಳಿ" ಅನ್ನುತ್ತಾರೆ. ಇಬ್ಬರು ಹೇಳುವುದೂ ಸುಳ್ಳಲ್ಲ. ಆದರೆ ಅಷ್ಟು ಹೊತ್ತಿಗೆ ಹಂದಿ ಕೊಳೆತು ಹೋಗಿರುತ್ತದೆ.

ನಾನು ಸಾಗರ ತಾಲ್ಲೂಕಿನವನು. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ, ಕೊಟ್ಟಿಗೆಯಲ್ಲಿ ನಾಲ್ಕಾರು ದನ. ಹಂದಿ ಸಾಕುವವನಲ್ಲ. ಕಾಡುಹಂದಿ ಮೇಲೆ ವಿಶೇಷ ಪ್ರೀತಿಯೂ ಇಲ್ಲ. ಕೊಯ್ಲಿಗೆ ಬಂದ ಗದ್ದೆಗೆ ರಾತ್ರಿ ಒಂದು ಹಿಂಡು ನುಗ್ಗಿದರೆ ಬೆಳಿಗ್ಗೆ ಏನು ಉಳಿದಿರುತ್ತದೆ ಅನ್ನುವುದು ನಿಮ್ಮ ಕಚೇರಿಯ ಬೆಳೆ ಪರಿಹಾರದ ಅರ್ಜಿಗಳನ್ನು ನೋಡಿದರೇ ಗೊತ್ತಾಗುತ್ತದೆ. ಇವತ್ತು ಆ ದೂರು ಹೇಳುತ್ತಿಲ್ಲ. ಹೇಳಬೇಕಾಗಿರುವುದು ಸತ್ತ ಹಂದಿಯ ವಿಷಯ, ಅದರ ಹಿಂದೆ ಇರಬಹುದಾದ ಆಫ್ರಿಕನ್ ಹಂದಿ ಜ್ವರದ ವಿಷಯ.

ನಮ್ಮ ಕಡೆ ಕಾಡಂಚಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಕಾಡುಹಂದಿ ಸತ್ತು ಬಿದ್ದರೆ ಜನ ಏನು ಮಾಡುತ್ತಾರೆ ಗೊತ್ತಾ? ಏನೂ ಮಾಡುವುದಿಲ್ಲ. ನೋಡಿದವರು ನೋಡಲಿಲ್ಲ ಅನ್ನುವಂತೆ ಬಂದುಬಿಡುತ್ತಾರೆ. ವಾಸನೆ ಮನೆಯವರೆಗೆ ಬಂದರೆ ರಾತ್ರಿ ಹಾರೆ, ಗುದ್ದಲಿ ತಗೊಂಡು ಹೋಗಿ ಹೂತು ಬರುತ್ತಾರೆ, ಅದೂ ಮೇಲೆ ಮೇಲೆ. ಯಾಕೆ ಅಂದರೆ ಫೋನ್ ಮಾಡಿದವನೇ ಮೊದಲ ಆರೋಪಿ ಆಗುತ್ತಾನೆ ಅನ್ನುವ ಭಯ. ಉರುಳು ಹಾಕಿದ್ದು ಯಾರು, ತಂತಿಗೆ ಕರೆಂಟ್ ಕೊಟ್ಟಿದ್ದು ಯಾರು, ನಿಮ್ಮ ಮನೆಯಲ್ಲಿ ಕೋವಿ ಇದೆಯಾ, ಮಹಜರಿಗೆ ಸಹಿ ಹಾಕಿ, ನಾಳೆ ಕಚೇರಿಗೆ ಬನ್ನಿ. ಉರುಳು, ಸಿಡಿಮದ್ದು ಇಡುವವರು ಇಲ್ಲ ಅಂತ ನಾನು ಹೇಳುವುದಿಲ್ಲ. ಇದ್ದಾರೆ. ಮೇಯಲು ಹೋದ ದನ ಸಿಡಿಮದ್ದು ಕಚ್ಚಿ ಬಾಯಿ ಛಿದ್ರವಾಗಿ ಬಂದದ್ದನ್ನು ಕಂಡ ಯಾರೂ ಅಂಥವರ ಪರ ಮಾತಾಡಲಾರರು. ಆದರೆ ರೋಗ ಬಂದು ಸತ್ತ ಹಂದಿಗೂ ಅದೇ ಪ್ರಶ್ನೆ ಬಂದರೆ ಸುದ್ದಿ ಕೊಡುವವರು ಯಾರು?

ಇದನ್ನೇ ಮಂಗನ ಜೊತೆ ಹೋಲಿಸಿ ನೋಡಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಆಮೇಲೆ ಮನುಷ್ಯರಿಗೆ ಜ್ವರ ಬಂದು, ಮಂಗನ ಕಾಯಿಲೆ ಅನ್ನುವ ಹೆಸರು ಜಗತ್ತಿಗೆ ಗೊತ್ತಾಯಿತು. ಅಂದಿನಿಂದ ಮಲೆನಾಡಿನವರು ಒಂದು ಪಾಠ ಕಲಿತಿದ್ದೇವೆ. ಮಂಗ ಸತ್ತರೆ ಹೇಳಬೇಕು. ಆಶಾ ಕಾರ್ಯಕರ್ತೆಗೆ ಹೇಳಿದರೂ ಆಯಿತು, ಪಂಚಾಯಿತಿಗೆ ಹೇಳಿದರೂ ಆಯಿತು. ತಂಡ ಬರುತ್ತದೆ, ಮಾದರಿ ತೆಗೆಯುತ್ತದೆ, ಹೆಣ ಸುಡುತ್ತದೆ, ರೋಗ ಹರಡುವ ಉಣ್ಣೆ ಸಾಯಲಿ ಅಂತ ಸುತ್ತ ಪುಡಿ ಹೊಡೆಯುತ್ತದೆ, ಉಣ್ಣೆ ಕಚ್ಚದ ಹಾಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಊರವರಿಗೆ ಹಂಚುತ್ತದೆ. ಮಂಗವೂ ವನ್ಯಜೀವಿ ಕಾನೂನಿನಡಿ ಬರುವ ಪ್ರಾಣಿಯೇ ಅಲ್ವಾ? ಆದರೂ "ಇದನ್ನು ಕೊಂದದ್ದು ಯಾರು" ಅಂತ ಯಾರೂ ಮೊದಲು ಕೇಳುವುದಿಲ್ಲ. ಎಲ್ಲವೂ ಸಲೀಸಾಗಿ ನಡೆಯುತ್ತದೆ ಅಂತಲ್ಲ. ತಡ ಆಗುತ್ತದೆ, ಎಣ್ಣೆ ಮುಗಿದಿರುತ್ತದೆ. ನಮ್ಮದೇ ತಾಲ್ಲೂಕಿನ ಅರಳಗೋಡು 2019ರಲ್ಲಿ ಎಷ್ಟು ನೊಂದಿತು ಅನ್ನುವುದು ನೆನಪಿದೆ. ಆದರೂ ಒಂದು ದಾರಿ ಅಂತ ಇದೆ. ಸತ್ತ ಕಾಡುಹಂದಿಗೆ ಆ ದಾರಿಯೇ ಇಲ್ಲ.

ಈಗೇಕೆ ಇದು ಬೇಕು ಅಂದರೆ, ಆಫ್ರಿಕನ್ ಹಂದಿ ಜ್ವರ. ಇದು 2009ರಲ್ಲಿ ನಾವೆಲ್ಲ ಹೆದರಿದ ಎಚ್‌1ಎನ್‌1 ಅಲ್ಲ. ಇದು ಮನುಷ್ಯರಿಗೆ ಬರುವುದೇ ಇಲ್ಲ. ದನ, ಕುರಿ, ನಾಯಿಗೂ ಬರುವುದಿಲ್ಲ. ಹಂದಿ ಜಾತಿಗೆ ಮಾತ್ರ. ಆದರೆ ಹಂದಿಗೆ ಬಂದರೆ ಉಳಿಯುವುದು ಅಪರೂಪ. ಜ್ವರ ಏರುತ್ತದೆ, ಮೇವು ಬಿಡುತ್ತದೆ, ಕಿವಿ, ಹೊಟ್ಟೆಯ ಚರ್ಮ ಕೆಂಪು-ನೇರಳೆ ಬಣ್ಣಕ್ಕೆ ತಿರುಗುತ್ತದೆ, ಕೆಲವಕ್ಕೆ ಮೂಗಿನಿಂದ, ಹಿಂದಿನಿಂದ ರಕ್ತ ಬರುತ್ತದೆ. ವಾರ, ಹತ್ತು ದಿನದಲ್ಲಿ ಗೂಡು ಖಾಲಿ. ಔಷಧ ಇಲ್ಲ. ನಮ್ಮ ದೇಶದಲ್ಲಿ ಬಳಕೆಗೆ ಲಸಿಕೆಯೂ ಇಲ್ಲ.

1921ರಲ್ಲಿ ಕೀನ್ಯಾದಲ್ಲಿ ಮೊದಲು ವಿವರಿಸಿದ ಈ ರೋಗ 2007ರಲ್ಲಿ ಜಾರ್ಜಿಯಾ ದೇಶಕ್ಕೆ ಬಂತು, ಅಲ್ಲಿಂದ ರಷ್ಯಾ, ಪೂರ್ವ ಯುರೋಪು, 2018ರಲ್ಲಿ ಚೀನಾ. 2020ರಲ್ಲಿ ಅಸ್ಸಾಂ ಮತ್ತು ಅರುಣಾಚಲದಲ್ಲಿ ಹಂದಿಗಳು ಸಾಯತೊಡಗಿದವು. ಭೋಪಾಲದ ಪ್ರಯೋಗಾಲಯ ಅದೇ ವರ್ಷ ಮೇ ಹೊತ್ತಿಗೆ ಇದೇ ರೋಗ ಅಂತ ಖಚಿತಪಡಿಸಿತು. ಮುಂದಿನ ವರ್ಷ ಮಿಜೋರಾಂನಲ್ಲಿ ಸಾವಿರಾರು ಮನೆಯವರ ಹಿತ್ತಲ ಹಂದಿಗಳು ಹೋದವು. 2022ರ ಜುಲೈನಲ್ಲಿ ವಯನಾಡಿನ ಮಾನಂದವಾಡಿ ಕಡೆಯ ಫಾರಂಗಳಿಗೆ ಬಂತು. ಅದೇ ವರ್ಷ ಕೊಡಗಿಗೂ ಬಂತು. 2023ರ ಜನವರಿಯಲ್ಲಿ ಮುದುಮಲೈ ಹುಲಿ ಸಂರಕ್ಷಿತ ಪ್ರದೇಶದ ತೆಪ್ಪಕಾಡು ಸುತ್ತ ಕಾಡುಹಂದಿಗಳು ಒಂದರ ಹಿಂದೊಂದು ಸತ್ತವು. ಪರೀಕ್ಷೆಯಲ್ಲಿ ಸಿಕ್ಕಿದ್ದು ಇದೇ ವೈರಸ್. ಮುದುಮಲೈಗೂ ಬಂಡೀಪುರಕ್ಕೂ ಮಧ್ಯೆ ಗೋಡೆ ಏನಿಲ್ಲ, ಒಂದೇ ಕಾಡು. ಬಂಡೀಪುರದಿಂದ ನಾಗರಹೊಳೆ, ಅಲ್ಲಿಂದ ಕೊಡಗು, ಆಮೇಲೆ ಪುಷ್ಪಗಿರಿ, ಕುದುರೆಮುಖ, ಶರಾವತಿ ಕಣಿವೆ. ನಕ್ಷೆ ನೀವೇ ತೆಗೆದು ನೋಡಿ. ತೋಟ, ಕಾಡು ಅಂತ ಹೆಚ್ಚು ಕಮ್ಮಿ ಎಡೆಬಿಡದೆ ಹಸಿರೇ ಇದೆ, ಎಲ್ಲ ಕಡೆ ಹಂದಿ ಇದೆ.

ಆ ಹಸಿರಿನಲ್ಲಿ ನಡೆದುಕೊಂಡೇ ರೋಗ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಕಾಡುಹಂದಿ ಊರಿಂದ ಊರಿಗೆ ಹೊತ್ತು ತರುವುದಕ್ಕಿಂತ ಮನುಷ್ಯ ಗಾಡಿಯಲ್ಲಿ ತರುವುದೇ ಜಾಸ್ತಿ. ಯುರೋಪಿನಲ್ಲಿ ರೋಗ ನೂರಾರು ಕಿಲೋಮೀಟರ್ ಹಾರಿ ಹೊಸ ಜಾಗಕ್ಕೆ ಬಿದ್ದಾಗಲೆಲ್ಲ ಅನುಮಾನ ಹೋದದ್ದು ಮನುಷ್ಯರ ಕಡೆಗೇ. ಈ ವೈರಸ್ ಮಹಾ ಗಟ್ಟಿ. ಒಣಗಿಸಿದ, ಉಪ್ಪು ಹಾಕಿದ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಫ್ರೀಜರಿನಲ್ಲಿ ಇನ್ನೂ ಹೆಚ್ಚು. ಚೆನ್ನಾಗಿ ಕುದಿಸಿದರೆ ಸಾಯುತ್ತದೆ. ಹೋಟೆಲ್, ಹಾಸ್ಟೆಲ್ಲಿನ ಮುಸುರೆ ಕುದಿಸದೆ ಹಾಗೇ ಹಂದಿಗೆ ಸುರಿಯುವ ಫಾರಂ, ಕಾಯಿಲೆ ಬಿದ್ದ ಹಂದಿಯನ್ನು ರಾತ್ರೋರಾತ್ರಿ ಅರ್ಧ ಬೆಲೆಗೆ ಮಾರುವ ವ್ಯಾಪಾರ, ಘಾಟಿ ರಸ್ತೆಯ ತಿರುವಿನಲ್ಲಿ ಕಾರು ನಿಲ್ಲಿಸಿ ಊಟದ ಪೊಟ್ಟಣ ಎಸೆದು ಹೋಗುವ ಪ್ರವಾಸಿ. ರೋಗ ಕಾಡಿಗೆ ಇಳಿಯುವುದು ಹೀಗೆ.

ಹಳೆಯ ಉದಾಹರಣೆಯೂ ಇದೆ. ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) 1968ರ ಹೊತ್ತಿಗೆ ಬಂಡೀಪುರ, ಮುದುಮಲೈ ಕಾಡುಗಳ ಕಾಟಿಗಳನ್ನು, ಅಂದರೆ ಕಾಡುಕೋಣಗಳನ್ನು, ಸಾಲಾಗಿ ಮಲಗಿಸಿತು. ಅದು ಕಾಡಿನ ರೋಗ ಅಲ್ಲ, ಮೇಯಲು ಹೋದ ನಮ್ಮ ದನಗಳದ್ದು. ಹಾಗಾಗಿ ಕಾಡುಹಂದಿಯನ್ನು ಕಳ್ಳನ ಹಾಗೆ ನೋಡುವ ಮೊದಲು ನಮ್ಮ ಹಿತ್ತಲನ್ನು ನೋಡಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಆದರೆ ಒಮ್ಮೆ ಕಾಡಿಗೆ ಇಳಿದ ಮೇಲೆ ಕತೆಯೇ ಬೇರೆ. ಫಾರಂನಲ್ಲಿ ರೋಗ ಬಂದರೆ ಮಾಡಬೇಕಾದ್ದು ಕಾಗದದ ಮೇಲೆ ಸ್ಪಷ್ಟವಾಗಿದೆ. ಕೇಂದ್ರದ 2020ರ ಕ್ರಿಯಾ ಯೋಜನೆ ಪ್ರಕಾರ ಸುತ್ತ 1 ಕಿಲೋಮೀಟರ್ ರೋಗವಲಯ, 10 ಕಿಲೋಮೀಟರ್ ನಿಗಾವಲಯ. ಒಳಗಿನ ಹಂದಿಗಳನ್ನು ಕೊಂದು, ಹೂತು, ಗೂಡು ತೊಳೆದು, ಸಾಕಿದವರಿಗೆ ಪರಿಹಾರ ಕೊಟ್ಟು ಮುಗಿಸುತ್ತಾರೆ. ಕಾಡಿನಲ್ಲಿ ಗೂಡು ಎಲ್ಲಿದೆ, ಬಾಗಿಲು ಎಲ್ಲಿದೆ? ಅಲ್ಲಿ ರೋಗ ಉಳಿಯುವುದೇ ಹೆಣದಲ್ಲಿ. ಜ್ವರ ಬಂದ ಹಂದಿ ನೀರು, ತಂಪು ಹುಡುಕಿಕೊಂಡು ಹೋಗಿ ಹಳ್ಳದ ಬದಿ ಬೀಳುತ್ತದೆ. ಅದರ ರಕ್ತ, ಮಾಂಸ, ಕೆಳಗಿನ ಮಣ್ಣು ಎಲ್ಲದರಲ್ಲೂ ವೈರಸ್ ಇರುತ್ತದೆ. ಬೇರೆ ಹಂದಿಗಳು ಬಂದು ಮೂಸುತ್ತವೆ, ಮಣ್ಣು ಕೆದಕುತ್ತವೆ, ಕೆಲವು ತಿನ್ನುತ್ತವೆ ಕೂಡ. ಸತ್ತ ಒಂದು ಹಂದಿ ಬದುಕಿರುವ ಹಂದಿಗಿಂತ ಹೆಚ್ಚು ದಿನ ರೋಗ ಹಂಚುತ್ತದೆ. ಹೆಣ ತೆಗೆಯುವುದೇ ಚಿಕಿತ್ಸೆ.

ಇದು ನನ್ನ ಕಲ್ಪನೆ ಅಲ್ಲ. ಜೆಕ್ ಗಣರಾಜ್ಯದ ಜ್ಲಿನ್ ಪ್ರದೇಶದಲ್ಲಿ 2017ರಲ್ಲಿ ಕಾಡುಹಂದಿಗಳಲ್ಲಿ ರೋಗ ಕಂಡಾಗ ಅವರು ಮೊದಲು ಬಂದೂಕು ಎತ್ತಲಿಲ್ಲ. ಆ ಜಾಗದಲ್ಲಿ ಬೇಟೆಯನ್ನೇ ನಿಲ್ಲಿಸಿದರು. ಸದ್ದಿಗೆ ಹೆದರಿ ಹಿಂಡು ಚದುರಿದರೆ ರೋಗವೂ ಚದುರುತ್ತದೆ ಅಂತ. ಬೇಲಿ ಹಾಕಿದರು. ಹೆಣ ಹುಡುಕಿ ಕೊಟ್ಟ ಬೇಟೆಗಾರರಿಗೆ ದುಡ್ಡು ಕೊಟ್ಟರು. ಹೆಚ್ಚಿನವು ಸತ್ತ ಮೇಲೆ ಉಳಿದವನ್ನು ಲೆಕ್ಕಾಚಾರದಿಂದ ಹೊಡೆದರು. ರೋಗ ಆರಿತು. ಬೆಲ್ಜಿಯಂನಲ್ಲಿ 2018ರ ಸೆಪ್ಟೆಂಬರಿನಲ್ಲಿ ಬಂತು, ಅಲ್ಲೂ ಬೇಲಿ, ಹೆಣ ಹುಡುಕಾಟ, 2020 ಮುಗಿಯುವ ಹೊತ್ತಿಗೆ ದೇಶ ರೋಗಮುಕ್ತ. ಎರಡೂ ಕಡೆ ಗೆಲುವು ಸಿಕ್ಕಿದ್ದು ಬೇಗ ಗೊತ್ತಾದದ್ದರಿಂದ. ಬೇಗ ಗೊತ್ತಾದದ್ದು ಯಾರೋ ಸತ್ತ ಹಂದಿಯ ಸುದ್ದಿ ಕೊಟ್ಟದ್ದರಿಂದ. ಅಲ್ಲಿಯಷ್ಟು ಬೇಲಿ ಹಾಕಲು ನಮ್ಮ ಘಟ್ಟದಲ್ಲಿ ಆಗುವುದಿಲ್ಲ, ಹಾಕಲೂ ಬಾರದು, ಆನೆ ಎಲ್ಲಿ ಹೋಗಬೇಕು? ಆದರೆ ಸುದ್ದಿ ಕೊಡುವುದಕ್ಕೆ ಬೇಲಿ ಬೇಡ.

"ಎಲ್ಲವನ್ನೂ ಗುಂಡು ಹಾಕಿ ಮುಗಿಸಿ, ರೋಗವೂ ಇಲ್ಲ, ಬೆಳೆ ನಷ್ಟವೂ ಇಲ್ಲ" ಅನ್ನುವ ಮಾತು ನಮ್ಮ ಸಂಘದ ಸಭೆಗಳಲ್ಲೂ ಬರುತ್ತದೆ. ಬೆಳೆಗೆ ನುಗ್ಗುವ ಹಂದಿಯನ್ನು ಅನುಮತಿ ಪಡೆದು ಹೊಡೆಯುವ ಬಗ್ಗೆ ನನ್ನದೇನೂ ತಕರಾರಿಲ್ಲ, ಕಾನೂನಿನಲ್ಲೇ ಅವಕಾಶ ಇದೆ, ಕೇರಳ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಮಟ್ಟಕ್ಕೇ ಇಳಿಸಿತು. ಅದು ಬೆಳೆಯ ಪ್ರಶ್ನೆ. ಅದಕ್ಕೆ ರೋಗದ ಹೆಸರು ಅಂಟಿಸಬೇಡಿ. ರೋಗ ಇರುವ ಜಾಗದಲ್ಲಿ ಸಿಕ್ಕಸಿಕ್ಕಲ್ಲಿ ಗುಂಡು ಹಾರಿಸಿದರೆ ಆಗುವುದು ತಿರುಗಾಮುರುಗಾ. ಹೊಡೆದ ಹಂದಿಯನ್ನು ಕತ್ತಿ ಹಿಡಿದು ಪಾಲು ಹಾಕಿ ನಾಲ್ಕು ಊರಿಗೆ ಹಂಚಿದರೆ ಹೇಳುವುದೇ ಬೇಡ.

ಕಾಡುಹಂದಿ ಹೋದರೆ ಹೋಗಲಿ ಅನ್ನುವವರಿಗೂ ಒಂದು ಮಾತು. ಮಲೇಷ್ಯಾದ ಬೋರ್ನಿಯೋ ಭಾಗದಲ್ಲಿ ಗಡ್ಡದ ಹಂದಿ ಅನ್ನುವ ಕಾಡುಹಂದಿ ಇದೆ. 2021ರಿಂದ ಈ ಜ್ವರ ಬಂದು ಹಲವು ಕಡೆ ಅದು ಹೆಚ್ಚು ಕಮ್ಮಿ ಕಾಣದೇ ಹೋಯಿತು. ಅದನ್ನೇ ನಂಬಿದ್ದ ಕಾಡಿನ ಜನರ ಊಟಕ್ಕೆ ಕಲ್ಲು ಬಿತ್ತು. ನಮ್ಮ ಅಸ್ಸಾಮಿನ ಮಾನಸ್ ಹುಲ್ಲುಗಾವಲಿನಲ್ಲಿ ಬೆಕ್ಕಿಗಿಂತ ಸ್ವಲ್ಪ ದೊಡ್ಡದಾದ ಕುಬ್ಜ ಹಂದಿ ಇದೆ. ಕಾಡಿನಲ್ಲಿ ಉಳಿದಿರುವುದು 250ರ ಆಸುಪಾಸು ಅನ್ನುತ್ತಾರೆ. ಅದರ ಸುತ್ತಲ ಹಳ್ಳಿಗಳಲ್ಲೆಲ್ಲ ಸಾಕುಹಂದಿ ಇದೆ, ರೋಗವೂ ಓಡಾಡಿದೆ. ಇನ್ನು ನಮ್ಮ ನಾಗರಹೊಳೆ, ಬಂಡೀಪುರದ ಹುಲಿ, ಚಿರತೆ, ಸೀಳುನಾಯಿಗಳ ಊಟದಲ್ಲಿ ಕಾಡುಹಂದಿಗೂ ಪಾಲಿದೆ. ಅದು ಒಮ್ಮೆಲೇ ಕಡಿಮೆಯಾದರೆ ಚಿರತೆ ಹಸಿದುಕೊಂಡು ಕಾಡಲ್ಲೇ ಕೂರುವುದಿಲ್ಲ. ನಮ್ಮ ಕೊಟ್ಟಿಗೆ ಹತ್ತಿರವೇ ಇದೆಯಲ್ಲ.

ಮನುಷ್ಯರ ಮಟ್ಟಿಗೆ ಹೇಳುವುದಾದರೆ, ಸುಮ್ನೆ ಹೆದರಿಸುವುದು ನನಗೆ ಇಷ್ಟವಿಲ್ಲ. ಹಂದಿಯಿಂದ ಬರುವ ಕಾಯಿಲೆಗಳಲ್ಲಿ ಹೆಚ್ಚಿನವಕ್ಕೆ ಕಾರಣ ಕಾಡುಹಂದಿ ಅಲ್ಲ. ಮಿದುಳಿಗೆ ಹೋಗಿ ಮೂರ್ಛೆರೋಗ ತರುವ ಲಾಡಿಹುಳು ಊರೊಳಗೆ ಕೊಳಕು ತಿಂದು ತಿರುಗುವ ಹಂದಿ ಮತ್ತು ಬಯಲು ಶೌಚದ ಕತೆ. ಮಿದುಳುಜ್ವರದ ವೈರಸ್ ಹಂದಿಯ ರಕ್ತದಲ್ಲಿ ಚೆನ್ನಾಗಿ ಹೆಚ್ಚುತ್ತದೆ, ಭತ್ತದ ಗದ್ದೆಯ ಸೊಳ್ಳೆ ಅದನ್ನು ಮಕ್ಕಳಿಗೆ ತಲುಪಿಸುತ್ತದೆ. ಅಲ್ಲೂ ಮನೆ ಹತ್ತಿರದ ಹಂದಿಯದೇ ದೊಡ್ಡ ಪಾತ್ರ. ಆದರೆ ಕಾಡುಹಂದಿ ಕೊಯ್ಯುವವರ ಕೈಗೆ ಗಾಯ ಇದ್ದರೆ ಇಲಿಜ್ವರ, ಬ್ರುಸೆಲ್ಲೋಸಿಸ್ ತಗಲಬಹುದು. ಅರೆಬೆಂದ ಮಾಂಸದಲ್ಲಿ ಟ್ರೈಕಿನೆಲ್ಲಾ ಅನ್ನುವ ಹುಳು ಇರಬಹುದು. ಉತ್ತರಾಖಂಡದ ಒಂದು ಹಳ್ಳಿಯಲ್ಲಿ ಕಾಡುಹಂದಿ ಊಟ ಮಾಡಿದವರು ಗುಂಪಾಗಿ ಕಾಯಿಲೆ ಬಿದ್ದು, ಕೆಲವರು ತೀರಿಕೊಂಡದ್ದು ವೈದ್ಯರ ದಾಖಲೆಯಲ್ಲೇ ಇದೆ. ಕದ್ದು ಬೇಟೆಯಾಡಿದ ಮಾಂಸ ತಿಂದು ಜ್ವರ ಬಂದರೆ ಡಾಕ್ಟರ ಹತ್ತಿರ "ಕಾಡುಹಂದಿ ತಿಂದಿದ್ದೆ" ಅಂತ ಬಾಯಿಬಿಟ್ಟು ಹೇಳುವವರು ಎಷ್ಟು ಜನ? ಅಲ್ಲೂ ಅದೇ ಭಯ ಬಾಯಿ ಮುಚ್ಚಿಸುತ್ತದೆ.

ದನಗಳ ಮಟ್ಟಿಗೆ ಕಾಲುಬಾಯಿ ಜ್ವರ ಒಂದನ್ನು ಹೇಳಿ ಬಿಡುತ್ತೇನೆ. ಹಂದಿಗೂ ಅದು ಬರುತ್ತದೆ, ಬಂದ ಹಂದಿ ಉಸಿರಿನಲ್ಲಿ ದನಕ್ಕಿಂತ ಎಷ್ಟೋ ಪಾಲು ಹೆಚ್ಚು ವೈರಸ್ ಬಿಡುತ್ತದೆ. 2013ರಲ್ಲಿ ಕೋಲಾರ, ರಾಮನಗರ ಕಡೆ ಸಾವಿರಾರು ದನ ಸತ್ತದ್ದು ಕಾಡುಹಂದಿಯಿಂದ ಅಂತ ಯಾರೂ ಹೇಳಿಲ್ಲ, ನಾನೂ ಹೇಳುವುದಿಲ್ಲ. ದನಕ್ಕೆ ಸರಿಯಾಗಿ ಲಸಿಕೆ ಬಿದ್ದರೆ ಈ ಚಿಂತೆ ಬಹುಪಾಲು ಮುಗಿಯುತ್ತದೆ.

ಈಗ ಕಾನೂನಿಗೆ ಬರುತ್ತೇನೆ. ನಾನು ವಕೀಲನಲ್ಲ, ಆದರೆ ಓದಿ ನೋಡಿದ್ದೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸತ್ತು ಸಿಕ್ಕ ಕಾಡುಪ್ರಾಣಿ ಸರ್ಕಾರದ ಸ್ವತ್ತು. ಅದು ಕೈಗೆ ಬಂದವರು 48 ಗಂಟೆಯೊಳಗೆ ಪೊಲೀಸರಿಗೋ ಅಧಿಕಾರಿಗೋ ತಿಳಿಸಬೇಕು. ಇತ್ತ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಬಗ್ಗೆ 2009ರಲ್ಲಿ ಬಂದ ಕಾಯ್ದೆ, ರೋಗದ ಅನುಮಾನ ಬಂದ ಕೂಡಲೇ ಪ್ರಾಣಿಯ ಮಾಲೀಕ ವರದಿ ಮಾಡಬೇಕು ಅನ್ನುತ್ತದೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ಓದಿದರೆ ಸತ್ತ ಕಾಡುಹಂದಿಯ ಮಾಲೀಕರು ನೀವೇ. ಹಾಗಾದರೆ ವರದಿ ಮಾಡುವ ಹೊಣೆಯೂ ನಿಮ್ಮದೇ ಆಗಬೇಕಲ್ಲ? ಅದೇ ವನ್ಯಜೀವಿ ಕಾಯ್ದೆಯ 33ಎ ಸೆಕ್ಷನ್ ಅಭಯಾರಣ್ಯದಿಂದ ಐದು ಕಿಲೋಮೀಟರ್ ಒಳಗಿನ ಜಾನುವಾರುಗಳಿಗೆ ಲಸಿಕೆ ಹಾಕಿಸುವ ಕೆಲಸವನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೇ ವಹಿಸಿದೆ. ಅಂದರೆ ರೋಗದ ವಿಷಯದಲ್ಲಿ ಎರಡು ಇಲಾಖೆ ಒಂದಾಗಬೇಕು ಅನ್ನುವುದು ಹೊಸ ಮಾತೇನಲ್ಲ.

ಹಾಗಾಗಿ ಕೇಳುವುದು ಇಷ್ಟು. ಮೊದಲನೆಯದಾಗಿ ಒಂದು ಸುತ್ತೋಲೆ ಹೊರಡಿಸಿ. ಇಬ್ಬರ ಸಹಿಯೂ ಅದರಲ್ಲಿರಲಿ. ಸತ್ತ ಕಾಡುಹಂದಿಯ ಸುದ್ದಿ ಕೊಟ್ಟವರನ್ನು, ಉರುಳು, ಗುಂಡು, ಕರೆಂಟಿನ ಸಾಕ್ಷಿ ಕಣ್ಣಿಗೆ ಕಾಣದಿದ್ದರೆ, ಆರೋಪಿಯಂತೆ ನೋಡಬಾರದು, ಠಾಣೆಗೆ, ಕಚೇರಿಗೆ ಅಲೆಸಬಾರದು ಅಂತ ಅದರಲ್ಲಿ ಬರೆಯಿರಿ. ಕನ್ನಡದಲ್ಲಿ, ಫಾರೆಸ್ಟ್ ಗಾರ್ಡ್ ಮತ್ತು ಪಂಚಾಯಿತಿ ಸದಸ್ಯ ಇಬ್ಬರಿಗೂ ಒಂದೇ ಓದಿಗೆ ಅರ್ಥ ಆಗುವ ಹಾಗೆ. ಇದೊಂದು ಆದರೆ ಅರ್ಧ ಕೆಲಸ ಆದ ಹಾಗೆ ಅಂತ ನನಗೆ ಅನ್ನಿಸುತ್ತದೆ.

ಸುದ್ದಿ ಹೋಗುವುದಕ್ಕೆ ಹೊಸ ನಂಬರ್ ಬೇಡ. ಪಶುಪಾಲನಾ ಇಲಾಖೆಯ ಪಶು ಸಂಜೀವಿನಿ ಸಹಾಯವಾಣಿ 1962, ಅರಣ್ಯ ಇಲಾಖೆಯದು 1926. (ಅಂಕಿ ಅವೇ, ಜಾಗ ಮಾತ್ರ ಅದಲುಬದಲು. ಜನ ಒಂದಕ್ಕೆ ಮಾಡಬೇಕಾದ ಫೋನ್ ಇನ್ನೊಂದಕ್ಕೆ ಮಾಡಿದರೆ ಆಶ್ಚರ್ಯ ಇಲ್ಲ.) ಯಾವುದಕ್ಕೆ ಮಾಡಿದರೂ ಇನ್ನೊಬ್ಬರಿಗೆ ತಾನಾಗಿ ತಲುಪುವ ಹಾಗೆ ಮಾಡಿ. "ಅದು ನಮ್ಮದಲ್ಲ, ಆ ನಂಬರಿಗೆ ಮಾಡಿ" ಅನ್ನುವ ಉತ್ತರ ಬೇಡ.

ಹೆಣದ ಹತ್ತಿರ ಯಾರು ಹೋಗಬೇಕು, ಏನು ತೆಗೆಯಬೇಕು ಅನ್ನುವುದಕ್ಕೆ ತಾಲ್ಲೂಕಿಗೆ ಒಂದು ತಂಡ ಸಾಕು. ಒಬ್ಬ ಪಶುವೈದ್ಯರು, ಒಬ್ಬ ಅರಣ್ಯ ಸಿಬ್ಬಂದಿ, ಗುಂಡಿ ತೋಡುವವರಿಬ್ಬರು, ಸುಣ್ಣ, ಕೈಗವಸು, ಬೂಟು ತೊಳೆಯಲು ಔಷಧ. ಬೂಟಿನ ವಿಷಯ ಸಣ್ಣದು ಅನ್ನಿಸಬಹುದು. ಆದರೆ ಹೆಣ ನೋಡಲು ಹೋದವರೇ ಕೆಸರು ಮೆತ್ತಿದ ಅದೇ ಬೂಟಿನಲ್ಲಿ ಮಧ್ಯಾಹ್ನ ಫಾರಂ ಪರಿಶೀಲನೆಗೆ ಹೋದರೆ ರೋಗಕ್ಕೆ ಬೇರೆ ವಾಹನ ಬೇಕೇ? ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಕಳಿಸುವವರೆಗೆ ದುಡ್ಡು ಯಾವ ಇಲಾಖೆಯದು ಅನ್ನುವುದನ್ನೂ ಈಗಲೇ ಬರೆದಿಡಿ. ಆಮೇಲೆ ಜಗಳ ಶುರುವಾಗುವುದು ಅಲ್ಲೇ.

ಫಲಿತಾಂಶ ಏನೇ ಬಂದರೂ ಸುದ್ದಿ ಕೊಟ್ಟವರಿಗೆ ಫೋನ್ ಮಾಡಿ ಹೇಳಿ. "ನಿಮ್ಮೂರ ಹಂದಿಗೆ ರೋಗ ಇರಲಿಲ್ಲ" ಅನ್ನುವುದೂ ಸುದ್ದಿಯೇ. ಮಂಗನ ವಿಷಯದಲ್ಲಿ ಮಾದರಿ ಹೋಗಿ ಏನಾಯಿತು ಅಂತ ಊರಿಗೆ ಗೊತ್ತಾಗದೇ ಇದ್ದಾಗ ಜನ ಮುಂದಿನ ಸಲ ಹೇಳುವುದನ್ನೇ ಬಿಟ್ಟದ್ದನ್ನು ನಾನು ನೋಡಿದ್ದೇನೆ.

ಕಾಡಂಚಿನ ಹಂದಿ ಫಾರಂಗಳ ಪಟ್ಟಿ ಮಾಡಿಸಿ. ಹಂದಿ ಬೇಲಿ ದಾಟಿ ಹೋಗದ ಹಾಗೆ, ಕಾಡುಹಂದಿ ಒಳಗೆ ಬಾರದ ಹಾಗೆ ಎರಡು ಸಾಲು ಬೇಲಿ, ಮುಸುರೆ ಕುದಿಸುವ ಹಂಡೆ, ಇದಕ್ಕೆ ಸಬ್ಸಿಡಿ ಕೊಡಿ. ಹಳೆಯ ಹಂದಿ ಜ್ವರಕ್ಕೆ, ಅಂದರೆ ಕ್ಲಾಸಿಕಲ್ ಸ್ವೈನ್ ಫೀವರ್‌ಗೆ ಲಸಿಕೆ ಇದೆ, ಅದನ್ನಾದರೂ ಪೂರ್ತಿ ಹಾಕಿಸಿ. ಎರಡೂ ಜ್ವರದ ಲಕ್ಷಣ ನೋಡಲು ಹೆಚ್ಚು ಕಮ್ಮಿ ಒಂದೇ. ಹಳೆಯದಕ್ಕೆ ಲಸಿಕೆ ಬಿದ್ದಿದ್ದರೆ ಹೊಸದರ ಅನುಮಾನ ಬೇಗ ಬರುತ್ತದೆ. ರೋಗ ಬಂದು ಹಂದಿ ಕೊಲ್ಲಿಸಿದವರಿಗೆ ಪರಿಹಾರ ವರ್ಷಗಟ್ಟಲೆ ತಡವಾಗದಿರಲಿ. ತಡವಾದರೆ ಮುಂದಿನವನು ನಿಮಗೆ ಹೇಳುವುದಿಲ್ಲ, ಲಾರಿಗೆ ಹೇಳುತ್ತಾನೆ.

ಘಾಟಿ ರಸ್ತೆಯ ಕಸದ ಬಗ್ಗೆ ಬೇರೆಯವರೂ ಬೇಕಾದಷ್ಟು ಬರೆದಿದ್ದಾರೆ, ನಾನು ಮತ್ತೆ ಬರೆಯುವುದಿಲ್ಲ.

ಮಳೆ ಮುಗಿದು ಗದ್ದೆ ಹಣ್ಣಾಗುವ ಹೊತ್ತಿಗೆ ಹಂದಿಗಳು ಊರ ಕಡೆ ಇಳಿಯುತ್ತವೆ. ಸುತ್ತೋಲೆ ಅಷ್ಟರೊಳಗೆ ಬಂದರೆ ಅನುಕೂಲ. ಅದರ ಒಂದು ಪ್ರತಿ ಪ್ರತಿ ಗ್ರಾಮ ಪಂಚಾಯಿತಿಯ ನೋಟಿಸ್ ಬೋರ್ಡಿಗೂ, ಹಾಲಿನ ಡೇರಿಯ ಗೋಡೆಗೂ ಹೋಗಲಿ. ಡೇರಿಗೆ ದಿನಾ ಎರಡು ಹೊತ್ತು ಜನ ಬರುತ್ತಾರೆ, ಪಂಚಾಯಿತಿಗೆ ಅಷ್ಟು ಬರುವುದಿಲ್ಲ.

ಇಂತಿ ನಿಮ್ಮ ವಿಶ್ವಾಸಿ,
ಸಾಗರ ತಾಲ್ಲೂಕಿನ ಒಬ್ಬ ಕೃಷಿಕ